ಹಗ್ಗದ ಒಳಮಗ್ಗುಲು: ಉತ್ತರ ಅಮೆರಿಕದ ಕಾಡುಗಳಲ್ಲಿ ನಾಟಾ ಯಂತ್ರಗಳೂ ಕೆಲಸಗಾರರ ಸುರಕ್ಷತೆಯೂ

ಉತ್ತರ ಕ್ಯಾಲಿಫೋರ್ನಿಯಾದಿಂದ ಆರಂಭವಾಗಿ ಆರಿಗನ್ ಮತ್ತು ವಾಷಿಂಗ್ಟನ್ ರಾಜ್ಯಗಳನ್ನು ಹಾದು ಕೆನಡಾದ ಬ್ರಿಟಿಷ್ ಕೊಲಂಬಿಯಾದವರೆಗೆ ಪೆಸಿಫಿಕ್ ಕರಾವಳಿಯ ಉದ್ದಕ್ಕೂ ಹಬ್ಬಿರುವ ಕಾಡುಗಳಲ್ಲಿ ಹತ್ತೊಂಬತ್ತನೆಯ ಶತಮಾನದ ಕೊನೆಯ ಎರಡು ದಶಕಗಳಲ್ಲಿ ಕಾಲಿಟ್ಟ ಯಂತ್ರಗಳು, ಮರ ಕಡಿದು ಸಾಗಿಸುವ ಕಸುಬನ್ನು ಒಂದೇ ತಲೆಮಾರಿನ ಅವಧಿಯಲ್ಲಿ ಗುರುತು ಸಿಗದಷ್ಟು ಬದಲಾಯಿಸಿದವು. ಈ ಬದಲಾವಣೆಯನ್ನು ಸಾಮಾನ್ಯವಾಗಿ ಉತ್ಪಾದನೆಯ ಇತಿಹಾಸವಾಗಿ, ಎಂದರೆ ಎಷ್ಟು ನಾಟಾ ಎಷ್ಟು ಬೇಗ ಸಾಮಿಲ್ಲು ತಲುಪಿತು ಎಂಬ ಲೆಕ್ಕವಾಗಿ ಬರೆಯುವುದು ರೂಢಿ. ಅದನ್ನೇ ಗಾಯ ಮತ್ತು ಸಾವುಗಳ ಇತಿಹಾಸವಾಗಿ ಓದಿದರೆ ಬೇರೆಯದೇ ಆದ ಒಂದು ಕ್ರಮ ಕಾಣುತ್ತದೆ. ಪ್ರತಿಯೊಂದು ಹೊಸ ಯಂತ್ರವೂ ಹಳೆಯ ಅಪಾಯವೊಂದನ್ನು ತಗ್ಗಿಸಿ ಹೊಸದೊಂದನ್ನು ಯಾರೂ ನಿರೀಕ್ಷಿಸದ ಜಾಗದಲ್ಲಿ ತಂದಿರಿಸಿತು. ಆ ಹೊಸ ಅಪಾಯಕ್ಕೆ ಪರಿಹಾರ ದೊರೆತದ್ದು, ಬಹುಮಟ್ಟಿಗೆ, ಗಾಯದ ಖರ್ಚನ್ನು ಯಾರು ಹೊರಬೇಕು ಎಂಬ ಜಗಳ ಇತ್ಯರ್ಥವಾದ ಮೇಲೆ.

ಯಂತ್ರ ಬರುವ ಮುಂಚಿನ ಕೆಲಸವೂ ಸುಲಭದ್ದಾಗಿರಲಿಲ್ಲ. ನೂರು ಮೀಟರ್ ದಾಟಿ ಬೆಳೆಯಬಲ್ಲ ರೆಡ್‌ವುಡ್, ಎಪ್ಪತ್ತು ಮೀಟರ್ ಮುಟ್ಟುವ ಡಗ್ಲಸ್ ಫರ್ ಮುಂತಾದ ಮರಗಳ ಬುಡ ಊದಿಕೊಂಡು ಗಟ್ಟಿಯಾಗಿರುತ್ತಿದ್ದುದರಿಂದ, ಕಡಿಯುವವರು ಕಾಂಡದಲ್ಲಿ ಕಚ್ಚು ಮಾಡಿ, ಅದಕ್ಕೆ ಉಕ್ಕಿನ ತುದಿಯ ಹಲಗೆಗಳನ್ನು ಸಿಕ್ಕಿಸಿ, ನೆಲದಿಂದ ಎರಡಾಳೆತ್ತರದ ಆ ಹಲಗೆಗಳ ಮೇಲೆ ನಿಂತು ಕೊಡಲಿಯನ್ನೂ ಇಬ್ಬರು ಎಳೆಯುವ ಉದ್ದ ಗರಗಸವನ್ನೂ ಬಳಸುತ್ತಿದ್ದರು. ಬಿದ್ದ ಮರವನ್ನು ತುಂಡರಿಸಿ ಹೊಳೆಯ ದಂಡೆಗೋ ಸಾಮಿಲ್ಲಿಗೋ ಸಾಗಿಸುವುದು ಎತ್ತುಗಳ ಕೆಲಸವಾಗಿತ್ತು. ದಾರಿಗೆ ಅಡ್ಡಡ್ಡಲಾಗಿ ಚಿಕ್ಕ ದಿಮ್ಮಿಗಳನ್ನು ಹೂತು, ಅವುಗಳಿಗೆ ಮೀನೆಣ್ಣೆ ಅಥವಾ ಕೊಬ್ಬು ಬಳಿದು ಜಾರುವಂತೆ ಮಾಡಿ, ಐದಾರು ಜೋಡಿ ಅಥವಾ ಅದಕ್ಕೂ ಹೆಚ್ಚು ಎತ್ತುಗಳನ್ನು ಸಾಲಾಗಿ ಹೂಡಿ ದಿಮ್ಮಿಯನ್ನು ಎಳೆಸಲಾಗುತ್ತಿತ್ತು. ಮರ ಬೀಳುವಾಗ, ದಿಮ್ಮಿ ಉರುಳುವಾಗ, ಇಳಿಜಾರಿನಲ್ಲಿ ಎತ್ತುಗಳ ಮೇಲೆಯೇ ದಿಮ್ಮಿ ಜಾರಿ ಬರುವಾಗ ಜನರೂ ಪ್ರಾಣಿಗಳೂ ಸಾಯುತ್ತಿದ್ದುದುಂಟು. ಆದರೆ ಈ ಕೆಲಸದ ವೇಗ ಎತ್ತಿನ ನಡಿಗೆಯನ್ನು ಮೀರುತ್ತಿರಲಿಲ್ಲ, ಮತ್ತು ದಿಮ್ಮಿ ಬೇರಿಗೋ ಬಂಡೆಗೋ ಸಿಕ್ಕಿಬಿದ್ದರೆ ಎತ್ತುಗಳು ತಾವಾಗಿಯೇ ನಿಂತುಬಿಡುತ್ತಿದ್ದವು. ಪಶ್ಚಿಮ ಘಟ್ಟದ ಕೂಪುಗಳಲ್ಲಿ, ಕೊಡಗಿನ ದುಬಾರೆಯಂಥ ಶಿಬಿರಗಳ ಆನೆಗಳು ನಾಟಾ ಎಳೆಯುತ್ತಿದ್ದ ಕಾಲದಲ್ಲಿಯೂ ಇದೇ ಅನುಕೂಲವಿತ್ತು. ಎಳೆಯುವ ಜೀವಕ್ಕೆ ಭಾರದ ಅರಿವಿತ್ತು, ಮಾವುತ ಅದರ ಮೇಲೆಯೇ ಕುಳಿತಿರುತ್ತಿದ್ದ.

ಈ ಅರಿವನ್ನು ಕೆಲಸದಿಂದ ಬೇರ್ಪಡಿಸಿದ ಯಂತ್ರ ಸ್ಟೀಮ್ ಡಾಂಕಿ. ಕ್ಯಾಲಿಫೋರ್ನಿಯಾದ ಯುರೇಕಾ ಪಟ್ಟಣದಲ್ಲಿ ವಿಲಿಯಂ ಕಾರ್ಸನ್ ಎಂಬುವನೊಂದಿಗೆ ಪಾಲುದಾರಿಕೆಯಲ್ಲಿ ನಾಟಾ ವ್ಯಾಪಾರ ನಡೆಸುತ್ತಿದ್ದ ಜಾನ್ ಡಾಲ್ಬೀರ್, ಹಡಗುಗಳಲ್ಲಿ ಲಂಗರು ಮತ್ತು ಸರಕು ಎತ್ತಲು ಬಳಸುತ್ತಿದ್ದ ಚಿಕ್ಕ ಉಗಿಯಂತ್ರದ ತತ್ತ್ವವನ್ನು ಕಾಡಿಗೆ ಹೊಂದಿಸಿ, 1882ರಲ್ಲಿ ಅದಕ್ಕೆ ಪೇಟೆಂಟ್ ಪಡೆದ. ನೆಟ್ಟಗೆ ನಿಲ್ಲಿಸಿದ ಒಂದು ಬಾಯ್ಲರ್, ಒಂದು ಸಿಲಿಂಡರ್, ಹಗ್ಗ ಸುತ್ತಿಕೊಳ್ಳುವ ಒಂದು ರಾಟೆ, ಇವಿಷ್ಟನ್ನೂ ಎರಡು ದಪ್ಪ ದಿಮ್ಮಿಗಳ ಜಾರುಗಾಲಿನ ಮೇಲೆ ಕೂರಿಸಿದ್ದ ಈ ಯಂತ್ರವು ತನ್ನದೇ ಹಗ್ಗವನ್ನು ದೂರದ ಮರಕ್ಕೆ ಕಟ್ಟಿ ಎಳೆದುಕೊಂಡು ತಾನೇ ಜಾಗ ಬದಲಿಸಬಲ್ಲದಾಗಿತ್ತು. ಮೊದಲಿಗೆ ಹಗ್ಗದ ತುದಿಯನ್ನು ಕಾಡಿನೊಳಕ್ಕೆ ಒಯ್ಯಲು ಕುದುರೆಯೊಂದು ಬೇಕಾಗುತ್ತಿತ್ತು. ಮುಂದೆ ಸೆಣಬಿನ ಹಗ್ಗದ ಜಾಗಕ್ಕೆ ಉಕ್ಕಿನ ಹುರಿಹಗ್ಗ ಬಂದು, ಖಾಲಿ ಹಗ್ಗವನ್ನು ಹಿಂದಕ್ಕೆ ಎಳೆದೊಯ್ಯುವ ಎರಡನೆಯ ಹಗ್ಗ ಸೇರಿಕೊಂಡ ಮೇಲೆ ಕುದುರೆಯ ಅಗತ್ಯವೂ ಇಲ್ಲವಾಯಿತು.

ಯಂತ್ರ ನಡೆಸುವವನನ್ನು ಅಲ್ಲಿಯವರು ಡಾಂಕಿ ಪಂಚರ್ ಎಂದು ಕರೆಯುತ್ತಿದ್ದರು. ಅವನಿಗೂ ದಿಮ್ಮಿಗೂ ನಡುವೆ ನೂರಾರು ಮೀಟರ್ ಅಂತರವಿದ್ದು, ನಡುವೆ ದಿಬ್ಬ, ಪೊದೆ, ಮಂಜು ಅಡ್ಡ ಬರುತ್ತಿದ್ದುದರಿಂದ, ತಾನು ಎಳೆಯುತ್ತಿರುವುದು ಏನನ್ನು, ಅದರ ಪಕ್ಕದಲ್ಲಿ ಯಾರಿದ್ದಾರೆ ಎಂಬುದು ಅವನಿಗೆ ಕಾಣುತ್ತಿರಲಿಲ್ಲ. ದಿಮ್ಮಿ ಮೋಟುಮರಕ್ಕೆ ತಗುಲಿ ನಿಂತರೂ ರಾಟೆ ತಿರುಗುತ್ತಲೇ ಇರುತ್ತಿತ್ತು. ಆಗ ದಿಮ್ಮಿ ಒಮ್ಮೆಲೇ ಚಿಮ್ಮುತ್ತಿತ್ತು, ಇಲ್ಲವೇ ಮೋಟು ಬುಡಸಮೇತ ಕಿತ್ತು ಬರುತ್ತಿತ್ತು, ಅದೂ ಇಲ್ಲದಿದ್ದರೆ ಹಗ್ಗವೇ ಹರಿಯುತ್ತಿತ್ತು. ಬಿಗಿತದಲ್ಲಿದ್ದ ಉಕ್ಕಿನ ಹಗ್ಗ ಹರಿದಾಗ ಅದರ ತುದಿ ಬೀಸುವ ದಾರಿಯಲ್ಲಿ ಸಿಕ್ಕವನು ಬದುಕುವುದು ಅಪರೂಪ.

ಇಲ್ಲಿಂದಲೇ ಈ ಕಸುಬಿನ ಅತ್ಯಂತ ಹಳೆಯ ಸುರಕ್ಷತಾ ನಿಯಮ ಹುಟ್ಟಿತು. ಹಗ್ಗವು ಯಂತ್ರದಿಂದ ಹೊರಟು, ಮೋಟುಮರಕ್ಕೆ ಬಿಗಿದ ರಾಟೆಯೊಂದನ್ನು ಬಳಸಿ ತಿರುವು ಪಡೆದು ದಿಮ್ಮಿಯ ಕಡೆಗೆ ಸಾಗುವಾಗ, ಆ ತಿರುವಿನ ಒಳಗೆ ಕೋನಾಕಾರದ ಜಾಗವೊಂದು ಉಂಟಾಗುತ್ತದೆ. ರಾಟೆಯ ಕೊಂಡಿ ಕಳಚಿದರೆ ಅಥವಾ ಮೋಟು ಕಿತ್ತರೆ, ಬಾಗಿದ್ದ ಹಗ್ಗ ನೇರವಾಗಲು ಧಾವಿಸಿ ಆ ಜಾಗವನ್ನೆಲ್ಲ ಕ್ಷಣದಲ್ಲಿ ಗುಡಿಸಿಹಾಕುತ್ತದೆ. ಹಗ್ಗದ ಈ ಒಳಮಗ್ಗುಲಲ್ಲಿ ನಿಲ್ಲಬಾರದು ಎಂಬುದನ್ನು ಕೂಪಿಗೆ ಬಂದ ಹುಡುಗನಿಗೆ ಮೊದಲ ದಿನವೇ ಹೇಳಿಕೊಡಲಾಗುತ್ತಿತ್ತು. ನಿಯಮ ಸರಿಯಾದದ್ದೇ. ಆದರೆ ದಿಮ್ಮಿಗೆ ಕುಣಿಕೆ ಬಿಗಿಯುವ ಕೆಲಸವೇ ಅನೇಕ ಸಲ ಆ ಒಳಮಗ್ಗುಲಲ್ಲಿ ಇರುತ್ತಿತ್ತು ಎಂಬುದನ್ನು ಗಮನಿಸಿದರೆ, ಎಚ್ಚರಿಕೆಯ ಹೊಣೆಯನ್ನೆಲ್ಲ ಕೆಲಸಗಾರನ ಮೇಲೆಯೇ ಹಾಕಿದ ಈ ನಿಯಮದ ಮಿತಿ ತಿಳಿಯುತ್ತದೆ.

ಕಣ್ಣಿಗೆ ಕಾಣದ್ದನ್ನು ಕಿವಿಗೆ ಮುಟ್ಟಿಸಲು ಸೀಟಿಯ ಸಂಕೇತಗಳ ವ್ಯವಸ್ಥೆ ರೂಪುಗೊಂಡಿತು. ವಿಸಲ್ ಪಂಕ್ ಎಂದು ಕರೆಯಲಾಗುತ್ತಿದ್ದ, ಹೆಚ್ಚಾಗಿ ಎಳೆಯ ವಯಸ್ಸಿನವನೇ ಆಗಿರುತ್ತಿದ್ದ ಒಬ್ಬ, ಕುಣಿಕೆ ಬಿಗಿಯುವವರು ಕಾಣುವಂಥ ಜಾಗದಲ್ಲಿ ನಿಂತು, ಅವರು ಕೂಗಿ ಹೇಳಿದ್ದನ್ನು ಉದ್ದನೆಯ ತಂತಿಯೊಂದನ್ನು ಎಳೆಯುವುದರ ಮೂಲಕ ಯಂತ್ರದ ಸೀಟಿಗೆ ದಾಟಿಸುತ್ತಿದ್ದ. ಹಗ್ಗ ನಿಂತಿರುವಾಗ ಒಂದು ಚಿಕ್ಕ ಸೀಟಿ ಕೇಳಿದರೆ ಎಳೆಯಬೇಕು, ಹಗ್ಗ ಓಡುತ್ತಿರುವಾಗ ಅದೇ ಒಂದು ಚಿಕ್ಕ ಸೀಟಿ ಕೇಳಿದರೆ ನಿಲ್ಲಿಸಬೇಕು ಎಂಬಂಥ ನಿಯಮಗಳು ಕ್ರಮೇಣ ಪ್ರದೇಶದಾದ್ಯಂತ ಏಕರೂಪಗೊಂಡು, ಮುಂದೆ ರಾಜ್ಯದ ಸುರಕ್ಷತಾ ನಿಯಮಾವಳಿಗಳಲ್ಲಿಯೂ ಸೇರಿದವು. ಏಳು ಉದ್ದ ಸೀಟಿಗಳ ಹಿಂದೆ ಎರಡು ಚಿಕ್ಕ ಸೀಟಿಗಳು ಕೇಳಿಸಿದರೆ ಒಬ್ಬ ಗಾಯಗೊಂಡಿದ್ದಾನೆ, ಸ್ಟ್ರೆಚರ್ ಮತ್ತು ವಾಹನ ಬೇಕು ಎಂದು ಅರ್ಥ. ಇಡೀ ಕೂಪಿನಲ್ಲಿ ಅತಿ ಕಡಿಮೆ ಕೂಲಿ ಪಡೆಯುವವರಲ್ಲಿ ಒಬ್ಬನಾದ ಹುಡುಗನ ಗಮನದ ಮೇಲೆ ಉಳಿದವರೆಲ್ಲರ ಜೀವ ನಿಂತಿದ್ದುದು ಆ ಕಾಲದ ಉದ್ಯಮದ ಮನೋಧರ್ಮವನ್ನು ಚೆನ್ನಾಗಿ ಹೇಳುತ್ತದೆ. ಇಪ್ಪತ್ತನೆಯ ಶತಮಾನದ ನಡುಭಾಗದ ನಂತರ ಈ ಕೆಲಸವನ್ನು ಕುಣಿಕೆ ಬಿಗಿಯುವವನ ಸೊಂಟಕ್ಕೆ ಕಟ್ಟಿದ ರೇಡಿಯೋ ಸಾಧನ ವಹಿಸಿಕೊಂಡಿತು. ಸಂಕೇತ ಕೊಡುವವನೂ ಅಪಾಯದಲ್ಲಿ ನಿಂತವನೂ ಒಬ್ಬನೇ ಆದದ್ದು ಇದರ ನಿಜವಾದ ಲಾಭ.

ಅದಕ್ಕೂ ಮುಂಚೆ, ಇಪ್ಪತ್ತನೆಯ ಶತಮಾನದ ಮೊದಲ ಎರಡು ದಶಕಗಳಲ್ಲಿ, ಹೈ ಲೀಡ್ ಎಂಬ ಪದ್ಧತಿ ಬಳಕೆಗೆ ಬಂದಿತ್ತು. ನೆಲದ ಮೇಲೆ ಎಳೆಯುವ ದಿಮ್ಮಿ ಹೆಜ್ಜೆ ಹೆಜ್ಜೆಗೂ ಸಿಕ್ಕಿಬೀಳುತ್ತಿದ್ದ ತೊಂದರೆಯನ್ನು ತಪ್ಪಿಸಲು, ಎತ್ತರವಾದ ಗಟ್ಟಿ ಮರವೊಂದನ್ನು ಆರಿಸಿ, ಅದರ ತುದಿಯ ಸಮೀಪ ಭಾರಿ ರಾಟೆಯನ್ನು ತೂಗುಹಾಕಿ, ಹಗ್ಗವನ್ನು ಅದರ ಮೂಲಕ ಹಾಯಿಸಿದರೆ ದಿಮ್ಮಿಯ ಮುಂತುದಿ ನೆಲ ಬಿಟ್ಟು ಏಳುತ್ತದೆ. ಸ್ಪಾರ್ ಮರ ಎಂದು ಕರೆಯಲಾಗುವ ಈ ಕಂಬಮರವನ್ನು ಸಿದ್ಧಪಡಿಸುವವನು ಕಾಲಿಗೆ ಉಕ್ಕಿನ ಮುಳ್ಳುಗಳನ್ನು ಕಟ್ಟಿಕೊಂಡು, ಕಾಂಡವನ್ನೂ ತನ್ನ ಸೊಂಟವನ್ನೂ ಬಳಸಿದ ಹಗ್ಗದ ಆಧಾರದಿಂದ ಹತ್ತುತ್ತ, ಕೊಂಬೆಗಳನ್ನು ಸವರುತ್ತ, ಐವತ್ತು ಅರುವತ್ತು ಮೀಟರ್ ಎತ್ತರದಲ್ಲಿ ಮರದ ತಲೆಯನ್ನೇ ಕಡಿದುರುಳಿಸುತ್ತಿದ್ದ. ತಲೆ ಕಳಚಿಬಿದ್ದ ಕ್ಷಣ ಉಳಿದ ಕಾಂಡ ಬಳುಕಾಡುತ್ತಿತ್ತು. ಕಡಿಯುವಾಗ ಕಾಂಡ ಸೀಳಿಕೊಂಡರೆ ಸೊಂಟದ ಹಗ್ಗವೇ ಅವನನ್ನು ಮರಕ್ಕೆ ಅದುಮಿ ಕೊಲ್ಲುತ್ತಿತ್ತು. ಡೇರಿಯಸ್ ಕಿನ್ಸಿಯಂಥ ಛಾಯಾಗ್ರಾಹಕರು ಇಂಥ ಕೂಪುಗಳ ಚಿತ್ರಗಳನ್ನು ತೆಗೆದು ಆ ಕೆಲಸಕ್ಕೆ ಸಾಹಸದ ಕಳೆ ತಂದುಕೊಟ್ಟರು. ವಾಸ್ತವದಲ್ಲಿ ಹೈ ಲೀಡ್ ತಂದ ದೊಡ್ಡ ಬದಲಾವಣೆ ಎತ್ತರದಲ್ಲಿರಲಿಲ್ಲ, ವೇಗದಲ್ಲಿತ್ತು. ದಿಮ್ಮಿಗಳು ಗಾಳಿಯಲ್ಲಿ ತೂಗಾಡುತ್ತ ಬರತೊಡಗಿದ ಮೇಲೆ ಕುಣಿಕೆ ಬಿಗಿದವನಿಗೆ ದೂರ ಸರಿಯಲು ದೊರೆಯುತ್ತಿದ್ದ ಸಮಯ ಕೆಲವೇ ಸೆಕೆಂಡುಗಳಿಗೆ ಇಳಿಯಿತು, ಮತ್ತು ಕೆಲಸದ ಗತಿಯನ್ನು ಗೊತ್ತುಪಡಿಸುವುದು ಯಂತ್ರದ ಕೈಗೆ ಹೋಯಿತು.

ಗಾಯಗೊಂಡವನ ಗತಿಯೇನು ಎಂಬ ಪ್ರಶ್ನೆಗೆ ಆ ಕಾಲದ ಕಾನೂನಿನಲ್ಲಿ ಸಿಗುತ್ತಿದ್ದ ಉತ್ತರ ನಿಷ್ಕರುಣೆಯದಾಗಿತ್ತು. ಇಂಗ್ಲೆಂಡಿನಿಂದ ಬಂದ ಸಾಮಾನ್ಯ ಕಾನೂನಿನ ಪ್ರಕಾರ ಕೆಲಸಗಾರನು ಮಾಲೀಕನ ನಿರ್ಲಕ್ಷ್ಯವನ್ನು ನ್ಯಾಯಾಲಯದಲ್ಲಿ ಸಾಬೀತುಪಡಿಸಬೇಕಿತ್ತು. ಮಾಲೀಕನಿಗಾದರೋ ಮೂರು ಗುರಾಣಿಗಳಿದ್ದವು. ಅಪಘಾತಕ್ಕೆ ಜೊತೆಗೆಲಸದವನೊಬ್ಬನ ತಪ್ಪು ಕಾರಣವಾಗಿದ್ದರೆ ಮಾಲೀಕ ಹೊಣೆಗಾರನಲ್ಲ; ಗಾಯಗೊಂಡವನ ಅಜಾಗರೂಕತೆಯ ಪಾಲು ಸ್ವಲ್ಪ ಇದ್ದರೂ ಅವನಿಗೆ ಪರಿಹಾರವಿಲ್ಲ; ಕೆಲಸ ಅಪಾಯದ್ದೆಂದು ತಿಳಿದೂ ಸೇರಿಕೊಂಡವನು ಆ ಅಪಾಯವನ್ನು ಒಪ್ಪಿಕೊಂಡಂತೆಯೇ ಸರಿ. ಡಾಂಕಿ ಎಂಜಿನ್ನಿನ ಕೂಪಿಗೆ ಈ ಮೂರನ್ನೂ ಹೊಂದಿಸಿ ನೋಡಿದರೆ ಪರಿಸ್ಥಿತಿ ಸ್ಪಷ್ಟವಾಗುತ್ತದೆ. ಸೀಟಿಯ ಹುಡುಗ ತಪ್ಪು ಸಂಕೇತ ಕೊಟ್ಟರೆ ಅದು ಜೊತೆಗೆಲಸದವನ ತಪ್ಪು, ಹಗ್ಗದ ಒಳಮಗ್ಗುಲಲ್ಲಿ ನಿಂತಿದ್ದರೆ ಅದು ಗಾಯಗೊಂಡವನದೇ ತಪ್ಪು, ಹಗ್ಗ ಹರಿಯಬಹುದೆಂದು ಗೊತ್ತಿದ್ದೂ ಕೆಲಸಕ್ಕೆ ಬಂದದ್ದು ಅವನದೇ ಆಯ್ಕೆ. ಸವೆದ ಹಗ್ಗವನ್ನು ಬದಲಾಯಿಸದೆ ಬಿಟ್ಟವನ ಸರದಿ ಬರುತ್ತಲೇ ಇರಲಿಲ್ಲ.

ಈ ಕಟ್ಟನ್ನು ಮುರಿದದ್ದು ವಾಷಿಂಗ್ಟನ್ ರಾಜ್ಯವು 1911ರಲ್ಲಿ ಮಾಡಿದ ಕಾರ್ಮಿಕ ಪರಿಹಾರ ಕಾಯ್ದೆ. ತಪ್ಪು ಯಾರದೆಂಬ ಪ್ರಶ್ನೆಯನ್ನೇ ಬದಿಗಿಟ್ಟು, ಅಪಾಯದ ಪ್ರಮಾಣಕ್ಕೆ ತಕ್ಕಂತೆ ಉದ್ಯಮಗಳನ್ನು ವರ್ಗಗಳಾಗಿ ವಿಂಗಡಿಸಿ, ಪ್ರತಿಯೊಬ್ಬ ಮಾಲೀಕನೂ ತಾನು ಕೊಡುವ ಕೂಲಿಯ ಮೊತ್ತಕ್ಕೆ ಅನುಗುಣವಾದ ಹಣವನ್ನು ರಾಜ್ಯದ ನಿಧಿಗೆ ಕಟ್ಟಬೇಕೆಂದೂ, ಗಾಯಗೊಂಡವನಿಗೆ ಅಥವಾ ಸತ್ತವನ ಕುಟುಂಬಕ್ಕೆ ಆ ನಿಧಿಯಿಂದ ನಿಗದಿತ ಪರಿಹಾರ ಸಲ್ಲಬೇಕೆಂದೂ, ಬದಲಿಗೆ ಕೆಲಸಗಾರನು ಮೊಕದ್ದಮೆ ಹೂಡುವ ಹಕ್ಕನ್ನು ಬಿಟ್ಟುಕೊಡಬೇಕೆಂದೂ ಕಾಯ್ದೆ ವಿಧಿಸಿತು. ಮೌಂಟನ್ ಟಿಂಬರ್ ಎಂಬ ನಾಟಾ ಕಂಪನಿ ಹಣ ಕಟ್ಟಲು ನಿರಾಕರಿಸಿ, ಯಾವ ತಪ್ಪೂ ಮಾಡದವನಿಂದ ಹಣ ವಸೂಲು ಮಾಡುವುದು ಸಂವಿಧಾನಕ್ಕೆ ವಿರುದ್ಧವೆಂದು ವಾದಿಸಿತು. ವ್ಯಾಜ್ಯ ಅಮೆರಿಕದ ಸರ್ವೋಚ್ಚ ನ್ಯಾಯಾಲಯದವರೆಗೆ ಹೋಗಿ, 1917ರ ಮಾರ್ಚ್ ತಿಂಗಳಲ್ಲಿ ಐವರು ನ್ಯಾಯಮೂರ್ತಿಗಳು ಕಾಯ್ದೆಯ ಪರವಾಗಿಯೂ ನಾಲ್ವರು ವಿರುದ್ಧವಾಗಿಯೂ ನಿಂತು, ಒಂದೇ ಮತದ ಅಂತರದಲ್ಲಿ ಕಾಯ್ದೆ ಉಳಿಯಿತು. ಅದೇ ವರ್ಷದ ಆರಂಭದಿಂದ ಬ್ರಿಟಿಷ್ ಕೊಲಂಬಿಯಾದಲ್ಲಿಯೂ ಇಂಥದೇ ಕಾಯ್ದೆ ಜಾರಿಯಾಗಿತ್ತು. ಈ ಕಾನೂನುಗಳು ಕೊಟ್ಟ ಪರಿಹಾರ ಧಾರಾಳವಾದದ್ದೇನಲ್ಲ. ಆದರೂ ಈ ಕಸುಬಿನ ಸುರಕ್ಷತೆಯ ಚರಿತ್ರೆಯಲ್ಲಿ ಯಾವುದೇ ಒಂದು ಯಂತ್ರ ಅಥವಾ ಸಾಧನಕ್ಕಿಂತ ದೊಡ್ಡ ಸ್ಥಾನ ಅವಕ್ಕೆ ಸಲ್ಲಬೇಕು. ಗಾಯವೊಂದು ಮೊದಲ ಬಾರಿಗೆ ಉದ್ಯಮದ ಲೆಕ್ಕಪುಸ್ತಕದಲ್ಲಿ ಖರ್ಚಿನ ಬಾಬ್ತಾಗಿ ಕಾಣಿಸಿಕೊಂಡಿತು, ಎಷ್ಟು ಜನ ಯಾವ ಕೆಲಸದಲ್ಲಿ ಹೇಗೆ ಗಾಯಗೊಂಡರೆಂಬ ಎಣಿಕೆಯೂ ಅದರೊಂದಿಗೇ ಮೊದಲಾಯಿತು.

ದಣಿವು ಕೂಡ ಅಪಘಾತಕ್ಕೆ ಕಾರಣವೆಂಬುದನ್ನು ಕೆಲಸಗಾರರು ಮುಷ್ಕರದ ಮೂಲಕ ಹೇಳಿದರು. ಇಂಡಸ್ಟ್ರಿಯಲ್ ವರ್ಕರ್ಸ್ ಆಫ್ ದಿ ವರ್ಲ್ಡ್ ಎಂಬ ಕಾರ್ಮಿಕ ಸಂಘಟನೆ 1917ರ ಬೇಸಿಗೆಯಲ್ಲಿ ಅಮೆರಿಕದ ವಾಯವ್ಯ ಭಾಗದ ನಾಟಾ ಉದ್ಯಮದಲ್ಲಿ ನಡೆಸಿದ ಮುಷ್ಕರದ ಮುಖ್ಯ ಬೇಡಿಕೆ ಎಂಟು ಗಂಟೆಯ ದಿನ. ಯುದ್ಧಕಾಲದ ವಿಮಾನಗಳಿಗೆ ಸ್ಪ್ರೂಸ್ ಮರ ತುರ್ತಾಗಿ ಬೇಕಾಗಿದ್ದುದರಿಂದ ಸೈನ್ಯವೇ ನಡುವೆ ಪ್ರವೇಶಿಸಿ, 1918ರ ಮಾರ್ಚ್ 1ರಿಂದ ಎಂಟು ಗಂಟೆಯ ದಿನ ಜಾರಿಗೆ ಬಂದಿತು. ಅದಕ್ಕಾಗಿ ಹೋರಾಡಿದ ಸಂಘಟನೆಯನ್ನು ಅದೇ ಹೊತ್ತಿನಲ್ಲಿ ಹತ್ತಿಕ್ಕಲಾಯಿತು.

ಹಗ್ಗದ ಯಂತ್ರಗಳು ಒಂದೆಡೆ ನಿಂತು ಎಳೆಯುತ್ತಿದ್ದರೆ, ಮರದ ಬಳಿಗೇ ಹೋಗುವ ಯಂತ್ರಗಳ ಸಾಲು ಬೇರೆಯೇ ಆಗಿ ಬೆಳೆಯಿತು. ಮೇನ್ ರಾಜ್ಯದ ಆಲ್ವಿನ್ ಲಂಬಾರ್ಡ್ 1901ರಲ್ಲಿ ಪೇಟೆಂಟ್ ಪಡೆದ ಉಗಿಚಾಲಿತ ಲಾಗ್ ಹಾಲರ್, ಚಕ್ರದ ಬದಲು ಉಕ್ಕಿನ ಪಟ್ಟಿಯ ಮೇಲೆ ಓಡಿ ಯಶಸ್ವಿಯಾದ ಮೊದಲ ವಾಹನಗಳಲ್ಲಿ ಒಂದು. ಹಿಮದ ದಾರಿಯಲ್ಲಿ ದಿಮ್ಮಿ ಹೇರಿದ ಜಾರುಬಂಡಿಗಳ ಉದ್ದ ಸಾಲನ್ನು ಅದು ಎಳೆಯುತ್ತಿತ್ತು. ಅದನ್ನು ತಿರುಗಿಸುವವನು ಬಾಯ್ಲರಿನ ಮುಂದೆ, ಯಾವ ಮರೆಯೂ ಇಲ್ಲದೆ, ಮೂತಿಯ ತುದಿಯಲ್ಲಿ ಕುಳಿತಿರುತ್ತಿದ್ದ. ಇಳಿಜಾರಿನಲ್ಲಿ ಇಡೀ ಸಾಲು ಹಿಂದಿನಿಂದ ನೂಕದಂತೆ ತಡೆಯಲು ದಾರಿಯ ಮೇಲೆ ಒಣಹುಲ್ಲು ಹರಡುವುದೇ ಬ್ರೇಕು. ಮುಂದೆ ಕ್ಯಾಲಿಫೋರ್ನಿಯಾದ ಹೋಲ್ಟ್ ಮತ್ತು ಬೆಸ್ಟ್ ಕಂಪನಿಗಳು 1925ರಲ್ಲಿ ಒಂದಾಗಿ ಕ್ಯಾಟರ್‌ಪಿಲ್ಲರ್ ಆದ ಮೇಲೆ ಪಟ್ಟಿಚಕ್ರದ ಟ್ರಾಕ್ಟರುಗಳು ಕಾಡಿನಲ್ಲಿ ಸಾಮಾನ್ಯವಾದವು. ತೆರೆದ ಆಸನದ ಈ ಟ್ರಾಕ್ಟರು ಇಳಿಜಾರಿನಲ್ಲಿ ಮಗುಚಿದರೆ ಚಾಲಕ ಅದರ ಕೆಳಗೆ ಸಿಲುಕುತ್ತಿದ್ದ, ಮೇಲಿನಿಂದ ಒಣಕೊಂಬೆ ಬಿದ್ದರೆ ನೇರವಾಗಿ ಅವನ ತಲೆಗೇ ಬಡಿಯುತ್ತಿತ್ತು. ಆಸನದ ಸುತ್ತ ಉಕ್ಕಿನ ಚೌಕಟ್ಟು ಕಟ್ಟುವ ಸರಳ ಉಪಾಯ ವ್ಯಾಪಕವಾಗಿ ಕಡ್ಡಾಯವಾಗಲು ಹಲವು ದಶಕಗಳು ಹಿಡಿದದ್ದು ಸೋಜಿಗದ ಸಂಗತಿ. ಚೌಕಟ್ಟು ಬಂದರೆ ಸಾಲದು, ಸೀಟ್ ಬೆಲ್ಟ್ ಕೂಡ ಬೇಕೆಂಬುದು ಆಮೇಲಿನ ಪಾಠ. ಯಂತ್ರ ವಾಲಿದಾಗ ಹೊರಗೆ ಜಿಗಿಯುವ ಸಹಜಪ್ರವೃತ್ತಿಯ ಚಾಲಕನು, ತನ್ನನ್ನು ಉಳಿಸಬೇಕಾದ ಚೌಕಟ್ಟಿನ ಅಡಿಗೇ ಸಿಕ್ಕಿ ಸಾಯುವುದುಂಟು.

ಮರ ಕೆಡವುವ ಕೆಲಸ ಮಾತ್ರ ಎರಡನೆಯ ಮಹಾಯುದ್ಧದವರೆಗೂ ಬಹುತೇಕ ಕೈಗರಗಸದಲ್ಲಿಯೇ ಉಳಿಯಿತು. ಜರ್ಮನಿಯಲ್ಲಿ ಆಂದ್ರಿಯಾಸ್ ಸ್ಟೀಲ್ 1926ರಲ್ಲಿ ವಿದ್ಯುತ್ತಿನ ಚೈನ್ ಗರಗಸವನ್ನೂ 1929ರಲ್ಲಿ ಪೆಟ್ರೋಲಿನದನ್ನೂ ಸಿದ್ಧಪಡಿಸಿದ್ದರೂ ಅವನ್ನು ಹೊರಲು ಇಬ್ಬರು ಬೇಕಾಗಿತ್ತು. ಯುದ್ಧಾನಂತರ ಒಬ್ಬನೇ ಹಿಡಿಯಬಲ್ಲ ಹಗುರ ಯಂತ್ರಗಳು ಬಂದವು. ಆರಿಗನ್‌ನ ಜೋಸೆಫ್ ಕಾಕ್ಸ್ 1946ರಲ್ಲಿ ಮೋಟುಮರವೊಂದನ್ನು ಕೊರೆಯುತ್ತಿದ್ದ ಹುಳುವಿನ ದವಡೆ ಎಡಬಲಕ್ಕೆ ಮರವನ್ನು ಕೆತ್ತುವ ರೀತಿಯನ್ನು ಗಮನಿಸಿ, ಅದೇ ಮಾದರಿಯ ಹಲ್ಲುಗಳ ಸರಪಣಿಯನ್ನು ರೂಪಿಸಿದ. ಇಂದಿನ ಬಹುತೇಕ ಚೈನ್ ಗರಗಸಗಳ ಹಲ್ಲು ಆ ವಿನ್ಯಾಸದ ಸಂತತಿಯೇ. ಹೊಸ ಗರಗಸದ ಅಪಾಯ ಎರಡು ಬಗೆಯದು. ಅದರ ಪಟ್ಟಿಯ ಮೂತಿಯ ಮೇಲ್ಭಾಗ ಮರಕ್ಕೆ ತಗುಲಿದರೆ ಯಂತ್ರ ಕ್ಷಣಾರ್ಧದಲ್ಲಿ ಹಿಡಿದವನ ಮುಖದ ಕಡೆಗೆ ಚಿಮ್ಮುತ್ತದೆ. ಇದನ್ನು ತಡೆಯಲು, ಮುಂಗೈ ಸೋಕಿದೊಡನೆ ಸರಪಣಿಯನ್ನು ನಿಲ್ಲಿಸುವ ಬ್ರೇಕು 1970ರ ದಶಕದಲ್ಲಿ ಬಂದಿತು. ಎರಡನೆಯದು ನಿಧಾನದ ಅಪಾಯ. ವರ್ಷಗಟ್ಟಲೆ ಕಂಪನ ಅನುಭವಿಸಿದ ಬೆರಳುಗಳಲ್ಲಿ ರಕ್ತಸಂಚಾರ ಕುಂದಿ, ಚಳಿಯಲ್ಲಿ ಅವು ಬಿಳಿಚಿ ಮರಗಟ್ಟುತ್ತವೆ. ಹಿಡಿಯನ್ನು ಎಂಜಿನ್ನಿನಿಂದ ರಬ್ಬರಿನ ಮೂಲಕ ಬೇರ್ಪಡಿಸುವ ವಿನ್ಯಾಸ ಇದಕ್ಕೆ ದೊರೆತ ಉತ್ತರ. ತೊಡೆಗೆ ಕಟ್ಟುವ ಕಾಪು ಕೂಡ ಇದೇ ಕಾಲದ್ದು. ಗರಗಸ ತಗುಲಿದೊಡನೆ ಅದರೊಳಗಿನ ಉದ್ದ ನೂಲುಗಳು ಹೊರಬಂದು ಸರಪಣಿಗೆ ಸುತ್ತಿಕೊಂಡು ಅದನ್ನು ಬಿಗಿಹಿಡಿಯುತ್ತವೆ.

ಅಮೆರಿಕದಲ್ಲಿ 1970ರ ಔದ್ಯೋಗಿಕ ಸುರಕ್ಷತೆ ಮತ್ತು ಆರೋಗ್ಯ ಕಾಯ್ದೆಯ ಅಡಿಯಲ್ಲಿ ಮೊದಲಿಗೆ ಬಂದ ನಿಯಮಗಳು ಕಾಗದದ ಮರದ ಕೂಪುಗಳಿಗೆ ಮಾತ್ರ ಸೀಮಿತವಾಗಿದ್ದವು. ಎಲ್ಲ ಬಗೆಯ ಕೂಪುಗಳಿಗೂ ಅನ್ವಯಿಸುವ ರಾಷ್ಟ್ರೀಯ ನಿಯಮ 1994ರಲ್ಲಿ ಪ್ರಕಟವಾಗಿ ಮರುವರ್ಷ ಜಾರಿಗೆ ಬಂದಿತು, ಎಂದರೆ ಡಾಲ್ಬೀರನ ಪೇಟೆಂಟಿನ ನಂತರ ಒಂದು ಶತಮಾನಕ್ಕಿಂತ ಹೆಚ್ಚು ಕಾಲ ಕಳೆದ ಮೇಲೆ. ಕೆಡವುವ ಮರದ ಎತ್ತರದ ಎರಡರಷ್ಟು ದೂರದೊಳಗೆ ಬೇರೆಯವರು ಕೆಲಸ ಮಾಡಬಾರದು, ಮರ ಬೀಳುವ ಮುನ್ನ ಹಿಂದೆ ಸರಿಯುವ ದಾರಿಯನ್ನು ತೆರವು ಮಾಡಿಟ್ಟಿರಬೇಕು, ಪ್ರತಿಯೊಬ್ಬ ಕೆಲಸಗಾರನೂ ಇನ್ನೊಬ್ಬನ ಕಣ್ಣಿಗೋ ಕಿವಿಗೋ ನಿಲುಕುವಂತಿರಬೇಕು, ಎಲ್ಲರಿಗೂ ಪ್ರಥಮ ಚಿಕಿತ್ಸೆಯ ತರಬೇತಿ ಇರಬೇಕು ಎಂಬ ವಿಧಿಗಳು ಅದರಲ್ಲಿವೆ. ಇವುಗಳಲ್ಲಿ ಯಾವುದೂ ಹಳೆಯ ಕೂಪಿನ ಅನುಭವಸ್ಥನಿಗೆ ಹೊಸದಾಗಿರಲಾರದು; ಅವನ ಜಾಣ್ಮೆಯಾಗಿದ್ದದ್ದು ಮಾಲೀಕನ ಕರ್ತವ್ಯವಾದದ್ದೇ ಹೊಸತು.

ಅಷ್ಟರಲ್ಲಿ ಫಿನ್‌ಲೆಂಡ್ ಮತ್ತು ಸ್ವೀಡನ್‌ಗಳಲ್ಲಿ ಬೆಳೆದ ಹಾರ್ವೆಸ್ಟರ್ ಎಂಬ ಯಂತ್ರ ಕೆಲಸದ ಸ್ವರೂಪವನ್ನೇ ಮತ್ತೊಮ್ಮೆ ಬದಲಾಯಿಸಿತ್ತು. ಉದ್ದನೆಯ ತೋಳಿನ ತುದಿಯಲ್ಲಿರುವ ಅದರ ತಲೆ ನಿಂತ ಮರವನ್ನು ಹಿಡಿದು, ಕೊಯ್ದು, ಕೊಂಬೆ ಸವರಿ, ಅಳತೆ ಮಾಡಿ ತುಂಡರಿಸುತ್ತದೆ. ಚಾಲಕ ಗಟ್ಟಿ ಕ್ಯಾಬಿನ್ನಿನಲ್ಲಿ ಕುಳಿತಿರುತ್ತಾನೆ. ನೆಲದ ಮೇಲೆ ಕಾಲಿಟ್ಟು ಕೆಲಸ ಮಾಡುವವರ ಸಂಖ್ಯೆ ಇಳಿದಂತೆ ಮರ ಬಡಿದು ಆಗುವ ಗಾಯಗಳೂ ಇಳಿದವು. ಆದರೆ ಅಪಾಯ ಮತ್ತೆ ಜಾಗ ಬದಲಿಸಿತು. ಅತಿ ವೇಗದಲ್ಲಿ ಓಡುವ ಗರಗಸದ ಸರಪಣಿ ತುಂಡಾದಾಗ ಅದರ ಒಂದೆರಡು ಕೊಂಡಿಗಳು ಬಂದೂಕಿನ ಗುಂಡಿನಂತೆ ಹಾರಿ ಸಾಮಾನ್ಯ ಗಾಜನ್ನು ಸೀಳಬಲ್ಲವು. ಆದ್ದರಿಂದ ಕ್ಯಾಬಿನ್ನಿಗೆ ದಪ್ಪನೆಯ ಪಾಲಿಕಾರ್ಬೊನೇಟ್ ಕಿಟಕಿ ಬಂದಿತು, ಸರಪಣಿ ಓಡುವ ರೇಖೆಯ ನೇರದಲ್ಲಿ ಯಾರೂ ಇರಬಾರದೆಂಬ ನಿಯಮ ಬಂದಿತು. ಹಗ್ಗದ ಒಳಮಗ್ಗುಲಿನ ನಿಯಮದ ಹೊಸ ರೂಪವೇ ಇದು. ದುರಸ್ತಿಗೆಂದು ಇಳಿಯುವಾಗ ಎಂಜಿನ್ ನಿಲ್ಲಿಸಿ, ಎತ್ತಿದ ತೋಳನ್ನು ನೆಲಕ್ಕಿಳಿಸದೆ ಅದರಡಿ ಕೈ ಹಾಕಿದವರಿಗೂ, ಏಣಿಯ ಮೆಟ್ಟಿಲಲ್ಲಿ ಹಿಮಕ್ಕೋ ಎಣ್ಣೆಗೋ ಜಾರಿದವರಿಗೂ ಆಗುವ ಗಾಯಗಳು ಈ ಯಂತ್ರಗಳ ಕಾಲದ ದಿನನಿತ್ಯದ ಗಾಯಗಳು.

ಯಂತ್ರ ಸುಧಾರಿಸಿದರೂ ಕೆಲಸದ ಏರ್ಪಾಡು ಹದಗೆಟ್ಟರೆ ಏನಾಗುತ್ತದೆಂಬುದಕ್ಕೆ ಬ್ರಿಟಿಷ್ ಕೊಲಂಬಿಯಾ ಸಾಕ್ಷಿ. ದೊಡ್ಡ ಕಂಪನಿಗಳು ಕೆಲಸವನ್ನು ಚಿಕ್ಕ ಗುತ್ತಿಗೆದಾರರಿಗೂ ಒಳಗುತ್ತಿಗೆದಾರರಿಗೂ ಹಂಚಿಕೊಟ್ಟಿದ್ದ ಕಾಲದಲ್ಲಿ, 2005ರ ಒಂದೇ ವರ್ಷ, ಅಲ್ಲಿ ಅರಣ್ಯ ಕೆಲಸಗಳಲ್ಲಿ 43 ಮಂದಿ ಸತ್ತರು. ಹಿಂದಿನ ವರ್ಷವಷ್ಟೇ ಸ್ಥಾಪನೆಯಾಗಿದ್ದ ಅಲ್ಲಿನ ಅರಣ್ಯ ಸುರಕ್ಷತಾ ಮಂಡಳಿಯ ಕೆಲಸಕ್ಕೆ, ಮರ ಕೆಡವುವವರಿಗೆ ಪ್ರಮಾಣಪತ್ರ ಕಡ್ಡಾಯಗೊಳಿಸುವ ಕ್ರಮಕ್ಕೆ ಬಲ ಬಂದದ್ದು ಆ ಸಾವುಗಳ ನಂತರ. ನ್ಯೂಜಿಲೆಂಡಿನಲ್ಲಿಯೂ 2013ರಲ್ಲಿ ಹತ್ತು ಮಂದಿ ಅರಣ್ಯ ಕೆಲಸಗಾರರು ಸತ್ತ ಮೇಲೆ ಸ್ವತಂತ್ರ ಪರಿಶೀಲನೆ ನಡೆಯಿತು. ಆ ದೇಶದಲ್ಲಿ ಮತ್ತು ಅಮೆರಿಕದ ವಾಯವ್ಯದಲ್ಲಿ ಈಗ ಹಾರ್ವೆಸ್ಟರುಗಳನ್ನು ಉಕ್ಕಿನ ಹಗ್ಗದಿಂದ ದಿಬ್ಬದ ಮೇಲಿನ ಇನ್ನೊಂದು ಯಂತ್ರಕ್ಕೆ ಕಟ್ಟಿ, ಹಿಂದೆ ಮನುಷ್ಯರು ಮಾತ್ರ ಹೋಗಬಹುದಾಗಿದ್ದ ಕಡಿದಾದ ಇಳಿಜಾರುಗಳಿಗೆ ಇಳಿಸಲಾಗುತ್ತಿದೆ.

ಇಷ್ಟಾದರೂ ಅಮೆರಿಕದ ಕಾರ್ಮಿಕ ಅಂಕಿಅಂಶ ಇಲಾಖೆಯ 2022ರ ಲೆಕ್ಕದಲ್ಲಿ ಎಲ್ಲ ಕಸುಬುಗಳನ್ನೂ ಸೇರಿಸಿದರೆ ಪ್ರತಿ ಲಕ್ಷ ಕೆಲಸಗಾರರಿಗೆ 3.7 ಸಾವುಗಳಿದ್ದರೆ, ನಾಟಾ ಕಡಿಯುವವರಲ್ಲಿ ಆ ಪ್ರಮಾಣ 100.7. ಅಂಥ ಸಾವುಗಳಿಗೆ ಮೊದಲ ಕಾರಣ ಇಂದಿಗೂ ಮರ, ಕೊಂಬೆ ಅಥವಾ ದಿಮ್ಮಿ ಬಡಿಯುವುದೇ. ಯಂತ್ರದ ತೋಳಿಗೆ ಮೀರಿದ ದೊಡ್ಡ ಮರಗಳನ್ನೂ ಯಂತ್ರ ಇಳಿಯಲಾರದ ಇಳಿಜಾರಿನ ಮರಗಳನ್ನೂ ಈಗಲೂ ಚೈನ್ ಗರಗಸ ಹಿಡಿದು ನೆಲದ ಮೇಲೆ ನಿಂತ ಕೆಲಸಗಾರರೇ ಕೆಡವುತ್ತಾರೆ.